ಯಿರ್ಗಾಚೆಫೆ ಎಸ್ಪ್ರೆಸ್ಸೊ: ಡಬ್ಬದಲ್ಲಿ ಮಲ್ಲಿಗೆ, ಲೋಟದಲ್ಲಿ ಬರೀ ಹುಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಮೀಡಿಯಂ ರೋಸ್ಟ್ ಬೀಜದಲ್ಲಿ ಎರಡು ವರ್ಷದಿಂದ ಮನೆಯಲ್ಲೇ ಎಸ್ಪ್ರೆಸ್ಸೊ ಮಾಡುತ್ತಿದ್ದೇನೆ, ತೊಂದರೆ ಇರಲಿಲ್ಲ. ಈಗ ಮೊದಲ ಸಲ ಇಥಿಯೋಪಿಯಾದ ಯಿರ್ಗಾಚೆಫೆ ಬೀಜ ತರಿಸಿದೆ. ವಾಶ್ಡ್, ಲೈಟ್ ರೋಸ್ಟ್. ಡಬ್ಬದ ಮುಚ್ಚಳ ತೆಗೆದರೆ ಮಲ್ಲಿಗೆ ಘಮ, ಜೊತೆಗೆ ನಿಂಬೆ ಸಿಪ್ಪೆ ಚಿವುಟಿದ ಹಾಗೆ. ಲೋಟಕ್ಕೆ ಇಳಿದ ಮೇಲೆ ಬರೀ ಹುಳಿ.

18 ಗ್ರಾಂ ಪುಡಿ, 36 ಗ್ರಾಂ ಕಾಫಿ, 21 ಸೆಕೆಂಡ್, 92 ಡಿಗ್ರಿ. ಹುರಿದು ಐದು ದಿನ ಆಗಿದೆ. ಹುಳಿ ಹೋಗಲಿ ಅಂತ ಇನ್ನೂ ಸಣ್ಣಗೆ ಪುಡಿ ಮಾಡಿದೆ. 40 ಸೆಕೆಂಡ್ ಆಯ್ತು, ರುಚಿ ಮತ್ತೂ ಕೆಟ್ಟಿತು. ಬೀಜವೇ ಸರಿ ಇಲ್ವಾ?

ಉತ್ತರ 1

ಅಷ್ಟು ಘಮ ಇದೆ ಅಂದ ಮೇಲೆ ಬೀಜ ಚೆನ್ನಾಗಿಯೇ ಇದೆ. ಒಂದು ವಿಷಯ ಹೇಳಿ: ಆ 40 ಸೆಕೆಂಡಿನದ್ದು ಹುಳಿಯಾ, ಒಗರಾ? ಹುಳಿಯಾದರೆ ಬಾಯಲ್ಲಿ ನೀರೂರುತ್ತದೆ. ಒಗರಾದರೆ ಗೇರುಹಣ್ಣು ತಿಂದ ಹಾಗೆ ನಾಲಿಗೆ ಒಣಗಿ ಗಂಟಲು ಹಿಡಿಯುತ್ತದೆ. ಎರಡಕ್ಕೂ ಔಷಧಿ ಬೇರೆ ಬೇರೆ.

ಪ್ರಶ್ನೆ ಕೇಳಿದವರು

ಈಗಷ್ಟೇ ಎರಡೂ ಮಾಡಿ ಕುಡಿದೆ. ಮೊದಲನೆಯದು ಹುಳಿ, ಸಣ್ಣ ಪುಡಿಯದ್ದು ಖಂಡಿತ ಒಗರು. ಇನ್ನೊಂದು ಗಮನಿಸಿದೆ. ಸಣ್ಣ ಪುಡಿ ಹಾಕಿದಾಗ ಪೋರ್ಟಾಫಿಲ್ಟರ್ (ಪುಡಿ ತುಂಬುವ ಹಿಡಿಕೆಯ ಬುಟ್ಟಿ) ಕೆಳಗೆ ಒಂದು ಪಕ್ಕದಿಂದ ಬೆಳ್ಳಗೆ ಎಳೆಯಾಗಿ ಚಿಮ್ಮುತ್ತದೆ.

ಉತ್ತರ 1

ಸಿಕ್ಕಿತು. ಅದು ಚಾನೆಲಿಂಗ್. ಪುಡಿ ತೀರಾ ಸಣ್ಣಗಾದಾಗ ನೀರಿಗೆ ದಾರಿ ಸಿಗದೆ ಎಲ್ಲೋ ಒಂದು ಬಿರುಕು ಹುಡುಕಿಕೊಂಡು ನುಗ್ಗುತ್ತದೆ. ಆ ಬಿರುಕಿನ ಸುತ್ತ ಪುಡಿಯ ಸಾರ ಜಾಸ್ತಿ ಇಳಿದು ಒಗರು, ಉಳಿದ ಕಡೆ ಇಳಿಯದೆ ಹುಳಿ.

ಯಿರ್ಗಾಚೆಫೆ ಇರುವುದು ದಕ್ಷಿಣ ಇಥಿಯೋಪಿಯಾದ ಗೆಡಿಯೊ ಪ್ರದೇಶದಲ್ಲಿ. ಸುಮಾರು 1,700ರಿಂದ 2,200 ಮೀಟರ್ ಎತ್ತರ. ಅಲ್ಲಿನ ತಂಪಿಗೆ ಹಣ್ಣು ನಿಧಾನವಾಗಿ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ. ಅದನ್ನು ಲೈಟ್ ಆಗಿ ಹುರಿದರೆ ರುಚಿ ಸುಲಭಕ್ಕೆ ನೀರಿಗೆ ಬಿಡುವುದಿಲ್ಲ. ಅದಕ್ಕೇ ಚಿಕ್ಕಮಗಳೂರಿನ ಲೆಕ್ಕ ಇಲ್ಲಿ ನಡೆಯಲ್ಲ.

ಗ್ರೈಂಡರ್ ವಾಪಸ್ ದಪ್ಪಕ್ಕೆ ತಿರುಗಿಸಿ. ಬದಲಿಗೆ ನೀರು ಜಾಸ್ತಿ ಹಾಯಿಸಿ: 18 ಗ್ರಾಂಗೆ 45ರಿಂದ 50 ಗ್ರಾಂ ಕಾಫಿ ಬರಲಿ. ಬಿಸಿ 95ಕ್ಕೆ ಏರಿಸಿ. ಪೋರ್ಟಾಫಿಲ್ಟರ್ ಮೊದಲೇ ಚೆನ್ನಾಗಿ ಕಾದಿರಲಿ. ಪುಡಿ ಒತ್ತಿ ಟ್ಯಾಂಪ್ ಮಾಡುವ ಮೊದಲು ತೆಳು ಸೂಜಿಯಿಂದ ತಳದವರೆಗೂ ಕಲಕಿ ಗಂಟು ಒಡೆಯಿರಿ. ಇನ್ನು ಐದು ದಿನ ತೀರಾ ಬೇಗ. ಡಬ್ಬ ಮುಚ್ಚಿ ಇನ್ನೊಂದು ವಾರ, ಹತ್ತು ದಿನ ಸುಮ್ನೆ ಬಿಡಿ, ಒಳಗಿನ ಗ್ಯಾಸ್ ಹೋಗಲಿ.

ಉತ್ತರ 2

ನಾನು ಮಲೆನಾಡಿನ ಕಾಫಿ ಬೆಳೆಗಾರ. ಇಲ್ಲಿ ವಾಶ್ಡ್ ಅಂದಿದ್ದು ನಮ್ಮ ಭಾಷೆಯಲ್ಲಿ ಪಾರ್ಚ್‌ಮೆಂಟ್. ಹಣ್ಣಿನ ಸಿಪ್ಪೆ ತೆಗೆದು, ಲೋಳೆ ತೊಳೆದು ಒಣಗಿಸಿದ್ದು. ಹೂವು, ನಿಂಬೆ ಅಷ್ಟು ತಿಳಿಯಾಗಿ ಬರುವುದು ಅದರಲ್ಲೇ. ಹಣ್ಣನ್ನೇ ಇಡಿಯಾಗಿ ಒಣಗಿಸುವ ಚೆರ್ರಿಯನ್ನು ಅವರು ನ್ಯಾಚುರಲ್ ಅನ್ನುತ್ತಾರೆ, ಅದರಲ್ಲಿ ಬೆರ್ರಿ ಹಣ್ಣಿನ ರುಚಿ ಮುಂದೆ ನಿಲ್ಲುತ್ತದೆ.

ಗೆಡಿಯೊ ಜನರ ತೋಟ ನನಗೆ ಬಹಳ ಇಷ್ಟದ ವಿಷಯ. ದೊಡ್ಡ ಎಸ್ಟೇಟ್ ಅಲ್ಲ, ಮನೆ ಸುತ್ತಲಿನ ಸಣ್ಣ ಹಿಡುವಳಿ. ಮೇಲೆ ದೊಡ್ಡ ಮರಗಳ ನೆರಳು, ನಡುವೆ ಎನ್ಸೆಟ್, ಕೆಳಗೆ ಕಾಫಿ. ಎನ್ಸೆಟ್ ನೋಡಲು ಥೇಟ್ ಬಾಳೆ, ಆದರೆ ತಿನ್ನುವುದು ಹಣ್ಣಲ್ಲ. ದಿಂಡು, ಗೆಡ್ಡೆ ಹುಳಿ ಬರಿಸಿ ರೊಟ್ಟಿ ಮಾಡುತ್ತಾರೆ. 2023ರಲ್ಲಿ ಯುನೆಸ್ಕೊ ಆ ಭೂದೃಶ್ಯವನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ನಮ್ಮ ತೋಟಗಳಲ್ಲೂ ಆ ನಾಡಿನ ಸಂಬಂಧ ಇದೆ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಸೆಲೆಕ್ಷನ್ 9 ತಳಿಯ ಒಂದು ಬೇರು ಇಥಿಯೋಪಿಯಾದ ತಫಾರಿಕೆಲಾ ಅನ್ನುವ ತಳಿ.

ಪ್ರಶ್ನೆ ಕೇಳಿದವರು

ಒಂಬತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. 18ಕ್ಕೆ 47 ಗ್ರಾಂ, 29 ಸೆಕೆಂಡ್, 95 ಡಿಗ್ರಿ. ಕಾರ್ಕ್‌ಗೆ ನಾಲ್ಕು ಸೂಜಿ ಚುಚ್ಚಿ ಕಲಕಿದೆ. ಚಿಮ್ಮುವುದು ನಿಂತಿದೆ. ಒಂದು ಶಾಟನ್ನು, ಅಂದರೆ ಒಂದು ಸಲಕ್ಕೆ ಇಳಿಯುವ ಕಾಫಿಯನ್ನು, ಮೂರು ಲೋಟದಲ್ಲಿ ಬೇರೆ ಬೇರೆ ಹಿಡಿದೂ ನೋಡಿದೆ. ಮೊದಲನೆಯದು ಗಟ್ಟಿ, ಕಣ್ಣು ಮುಚ್ಚುವಷ್ಟು ಹುಳಿ. ಎರಡನೆಯದರಲ್ಲಿ ಸಿಹಿ. ಮೂರನೆಯದು ಟೀ ಥರ ತೆಳ್ಳಗೆ, ಮಲ್ಲಿಗೆ ಇದ್ದದ್ದು ಅಲ್ಲೇ. ನಾನು ಇಷ್ಟು ದಿನ 36 ಗ್ರಾಂಗೆ ನಿಲ್ಲಿಸಿ ಅದನ್ನೇ ಬಿಡುತ್ತಿದ್ದೆ. ಮೂರನ್ನೂ ಕೂಡಿಸಿ ಅಮ್ಮನಿಗೆ ಕೊಟ್ಟೆ. ಹಾಲು ಕೇಳಲಿಲ್ಲ.