ಗೇಮ್ ಮಾಡ್‌ಗೆ ಎಐ ವಾಯ್ಸ್ ಹಾಕಿದ್ರೆ ಕಾಪಿರೈಟ್ ತೊಂದ್ರೆ ಬರುತ್ತಾ? ವಕೀಲರನ್ನ ಕೇಳಿ

ಪ್ರಶ್ನೆ: ಮೇಡಂ, ಒಂದು ಹಳೇ ಆರ್‌ಪಿಜಿ (ಪಾತ್ರ ವಹಿಸಿ ಆಡೋ) ಗೇಮ್‌ಗೆ ಹೊಸ ಕ್ವೆಸ್ಟ್ ಮಾಡ್, ಅಂದ್ರೆ ಆಡೋರೇ ಮಾಡಿ ಸೇರಿಸೋ ಹೊಸ ಸಾಹಸದ ಭಾಗ, ಮಾಡ್ತಿದೀನಿ, ಕಥೆ ಡೈಲಾಗ್ ಎಲ್ಲಾ ನಾನೇ ಬರ್ದಿರೋದು. ಆದ್ರೆ ಒರಿಜಿನಲ್ ಗೇಮ್‌ನ ಒಂದು ಪಾತ್ರ ಇದ್ರಲ್ಲೂ ಮಾತಾಡ್ಬೇಕು, ಅದಕ್ಕೆ ಗೇಮ್ ಫೋಲ್ಡರ್‌ನಿಂದ ಆ ಪಾತ್ರದ ಆಡಿಯೋ ಫೈಲ್‌ಗಳನ್ನ ತೆಗೆದು ಎಐ ಟೂಲ್‌ಗೆ ಕೊಟ್ಟು ಅದೇ ದನೀಲಿ ಹೊಸ ಲೈನ್ಸ್ ಮಾಡಿಸಿದೀನಿ. ಮಾಡ್ ಫ್ರೀ, ವಾಯ್ಸ್ ಆಕ್ಟರ್‌ಗೆ ಕ್ರೆಡಿಟ್ಟೂ ಹಾಕ್ತೀನಿ. ಒಬ್ರು ದನಿಗೆ ಕಾಪಿರೈಟೇ ಇಲ್ಲ ಹಾಕು ಅಂತಾರೆ, ಇನ್ನೊಬ್ರು ಕೇಸ್ ಬೀಳುತ್ತೆ ಅಂತಾರೆ. ಯಾವ್ದು ನಿಜ?

ಉತ್ತರ: ದನಿಗೆ ಕಾಪಿರೈಟ್ ಇಲ್ಲ ಅನ್ನೋದು ನಿಜ, ಆದ್ರೆ ಅದ್ರಿಂದ ಹಾಕು ಅನ್ನೋ ತೀರ್ಮಾನಕ್ಕೆ ಬರೋಕಾಗಲ್ಲ. ಕಾಪಿರೈಟ್ ಇರೋದು ರೆಕಾರ್ಡಿಂಗ್‌ಗೆ. ಅಮೆರಿಕದ ಕಾನೂನಿನಲ್ಲಂತೂ ಬೇರೆಯವರು ಸ್ವತಂತ್ರವಾಗಿ ರೆಕಾರ್ಡ್ ಮಾಡಿದ ದನಿ ಎಷ್ಟೇ ಹೋಲ್ತಿದ್ರೂ ಮೂಲ ರೆಕಾರ್ಡಿಂಗ್‌ನ ಕಾಪಿರೈಟ್ ಉಲ್ಲಂಘನೆ ಆಗಲ್ಲ ಅಂತ ಬರ್ದೇ ಇದೆ. ನಿಮ್ಮ ವಿಷ್ಯದಲ್ಲಿ ತೊಡಕಿರೋದು ಅದಕ್ಕೂ ಹಿಂದಿನ ಹೆಜ್ಜೇಲಿ, ಗೇಮ್‌ನ ಆಡಿಯೋ ಫೈಲ್ ಕಾಪಿ ಮಾಡಿ ಟ್ರೈನಿಂಗ್‌ಗೆ ಕೊಟ್ಟಿದ್ರಲ್ಲ, ಅವು ಸಾಮಾನ್ಯವಾಗಿ ಗೇಮ್ ಕಂಪನಿಯ ಸೊತ್ತು. ಎಐ ಟ್ರೈನಿಂಗ್‌ಗೆ ಬಳಸೋದು ಫೇರ್ ಯೂಸ್ (ಒಪ್ಪಿಗೆ ಇಲ್ದೆ ಬಳಸೋಕೆ ಕಾನೂನು ಬಿಡೋ ನ್ಯಾಯವಾದ ಬಳಕೆ) ಹೌದಾ ಅಲ್ವಾ ಅನ್ನೋದ್ರ ಬಗ್ಗೆ 2025ರಲ್ಲಿ ಅಮೆರಿಕದ ಕೋರ್ಟ್‌ಗಳೇ ಒಂದೊಂದು ಕಡೆ ಒಂದೊಂದು ಥರ ಹೇಳಿದಾವೆ. ಗೇಮ್‌ನ ಯೂಸರ್ ಅಗ್ರಿಮೆಂಟ್‌ನಲ್ಲಿ ಮಾಡಿಂಗ್ ಬಗ್ಗೆ ಏನಿದೆ ಅಂತ ಮೊದ್ಲು ಓದಿ, ಬಹಳ ಜನ ಅದನ್ನ ತೆಗೆದೂ ನೋಡಿರಲ್ಲ.

ಆದ್ರೆ ನನಗೆ ಮುಖ್ಯ ಅನ್ಸೋದು ಕಾಪಿರೈಟ್ ಅಲ್ಲ, ಆ ದನಿ ಯಾರದೋ ಆ ಮನುಷ್ಯನ ಹಕ್ಕು. ಫೋರ್ಡ್ ಜಾಹೀರಾತಿಗೆ ಹಾಡೋಕೆ ಅಮೆರಿಕದ ಗಾಯಕಿ ಬೆಟ್ ಮಿಡ್ಲರ್ ಒಪ್ಪಲಿಲ್ಲ ಅಂತ ಅವರ ಥರಾನೇ ಹಾಡೋರನ್ನ ಕರೆಸಿ ಹಾಡಿಸಿದ್ರು, 1988ರಲ್ಲಿ ಕೋರ್ಟ್ ಏನಂತು ಅಂದ್ರೆ ದನಿಗೆ ಕಾಪಿರೈಟ್ ಇಲ್ದೇ ಇರ್ಬಹುದು, ಆದ್ರೆ ಹೆಸರುವಾಸಿ ಗಾಯಕಿಯ ದನಿಯನ್ನ ಬೇಕಂತಲೇ ಅನುಕರಿಸಿ ಸರಕು ಮಾರೋದು ತಪ್ಪು. 2024ರಲ್ಲಿ ಅಮೆರಿಕದ ಟೆನೆಸ್ಸೀ ರಾಜ್ಯ ದನಿಯ ರಕ್ಷಣೆಗೇ ಕಾನೂನು ತಂತು, ಅದೇ ವರ್ಷ ಬಾಂಬೆ ಹೈಕೋರ್ಟ್ ಅರಿಜಿತ್ ಸಿಂಗ್ ಅವರ ದನಿಯ ಎಐ ನಕಲಿನ ವಿರುದ್ಧ ತಡೆ ಕೊಡ್ತು. ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು 2025ರ ನ್ಯೂಯಾರ್ಕ್ ಕೇಸು, ಇಬ್ರು ವಾಯ್ಸ್ ಆಕ್ಟರ್‌ಗಳು ಲೋವೋ ಅನ್ನೋ ಎಐ ವಾಯ್ಸ್ ಕಂಪನಿ ಮೇಲೆ ಹಾಕಿದ್ದು. ನಕಲಿ ದನಿಯೇ ಕಾಪಿರೈಟ್ ಉಲ್ಲಂಘನೆ ಅನ್ನೋ ವಾದ ನಿಲ್ಲಲಿಲ್ಲ, ಆದ್ರೆ ಒಪ್ಪಿಗೆ ಇಲ್ದೆ ದನಿ ಬಳಸಿದ್ರು ಅನ್ನೋ ರಾಜ್ಯ ಕಾನೂನಿನ ವಾದ ಮುಂದಕ್ಕೆ ಹೋಯ್ತು.

ಪ್ರಶ್ನೆ: ದುಡ್ಡೇ ತಗೊಳ್ತಿಲ್ವಲ್ಲ ಮೇಡಂ, ಕ್ರೆಡಿಟ್ಟೂ ಕೊಡ್ತೀನಿ?

ಉತ್ತರ: ಫ್ರೀ ಅನ್ನೋದು ಫೇರ್ ಯೂಸ್‌ನಲ್ಲಿ ನೋಡೋ ನಾಲ್ಕು ಅಂಶಗಳಲ್ಲಿ ಒಂದರ ಒಂದು ಭಾಗ ಅಷ್ಟೇ. ದನಿ ವಿಷ್ಯದಲ್ಲಿ ಕೆಲವು ಕಾನೂನು ವ್ಯಾಪಾರಕ್ಕೆ ಬಳಸಿದ್ರೆ ಮಾತ್ರ ಅನ್ವಯ ಆಗುತ್ತೆ, ಹಾಗಾಗಿ ಫ್ರೀ ಇದ್ರೆ ಸ್ವಲ್ಪ ಅನುಕೂಲ ಇರ್ಬಹುದು, ಅದೇ ಗುರಾಣಿ ಅಂದ್ಕೋಬೇಡಿ. ಕ್ರೆಡಿಟ್ ಬಗ್ಗೆ ಹುಷಾರು, ಬರೀ ಹೆಸರು ಹಾಕಿದ್ರೆ ಅವರೇ ಬಂದು ಮಾತಾಡಿದಾರೆ ಅಂತ ಆಡೋರು ನಂಬ್ತಾರೆ. 2023ರಲ್ಲಿ ಸ್ಕೈರಿಮ್ ಅನ್ನೋ ಗೇಮ್‌ನ ಕೆಲವು ಅಶ್ಲೀಲ ಮಾಡ್‌ಗಳಲ್ಲಿ ಕಲಾವಿದರ ದನಿಯನ್ನ ಹೀಗೇ ಎಐನಲ್ಲಿ ಮಾಡಿಸಿ ಹಾಕಿದ್ರು, ತಾವು ಬಾಯಿಬಿಟ್ಟು ಆಡದ ಮಾತು ತಮ್ಮ ದನೀಲಿ ಕೇಳೋದು ಎಂಥ ಹಿಂಸೆ ಯೋಚ್ನೆ ಮಾಡಿ. ನಿಮ್ಮ ಕ್ವೆಸ್ಟ್ ಅಂಥದ್ದಲ್ಲ, ಗೊತ್ತು, ಆದ್ರೂ ಯಾವ ಮಾತು ಆಡಬೇಕು ಅಂತ ತೀರ್ಮಾನ ಮಾಡೋದು ಆ ವ್ಯಕ್ತಿ ತಾನೇ?

ಇನ್ನೊಬ್ಬರ ಪ್ರಶ್ನೆ: ಗೇಮ್ ಕಂಪನಿಯೇ ಮಾಡಿಂಗ್‌ಗೆ ಪರ್ಮಿಷನ್ ಕೊಟ್ಟಿದ್ರೆ ಸಾಕಲ್ವಾ?

ಉತ್ತರ: ಕಂಪನಿ ತನ್ನ ಹತ್ರ ಇರೋ ಹಕ್ಕು ಮಾತ್ರ ಕೊಡೋಕಾಗೋದು. ಕಲಾವಿದರ ಕಾಂಟ್ರಾಕ್ಟ್‌ನಲ್ಲಿ ಎಐ ನಕಲು ಮಾಡ್ಬಹುದು ಅಂತ ಇಲ್ದಿದ್ರೆ ಕಂಪನಿ ನಿಮಗೆಲ್ಲಿಂದ ಕೊಡುತ್ತೆ? 2024ರ ಜುಲೈನಲ್ಲಿ ಅಮೆರಿಕದ ನಟರ ಸಂಘ ಸ್ಯಾಗ್-ಆಫ್ಟ್ರಾದ ಕಲಾವಿದರು ಗೇಮ್ ಕಂಪನಿಗಳ ವಿರುದ್ಧ ಮುಷ್ಕರಕ್ಕೆ ಇಳಿದಿದ್ದು ಮುಖ್ಯವಾಗಿ ಎಐ ವಿಷ್ಯಕ್ಕೇ. ಸೈಬರ್‌ಪಂಕ್ 2077 ಗೇಮ್‌ನ ಪೋಲಿಷ್ ವಾಯ್ಸ್ ಆಕ್ಟರ್ ಮಿವೊಗೊಸ್ಟ್ ರೆಚೆಕ್ ತೀರಿಕೊಂಡಿದ್ರು, ಗೇಮ್‌ನ ಮುಂದಿನ ಎಕ್ಸ್‌ಪಾನ್ಷನ್‌ಗೆ (ಹೆಚ್ಚುವರಿ ಭಾಗಕ್ಕೆ) ಅವರ ದನಿ ಬೇಕಾದಾಗ ಸ್ವತಃ ಗೇಮ್ ಮಾಡಿದ ಕಂಪನಿ ಅವರ ಮನೆಯವರನ್ನ ಕೇಳಿ, ಇನ್ನೊಬ್ಬ ಕಲಾವಿದರ ಹತ್ರ ಅಭಿನಯ ಮಾಡಿಸಿ ಆಮೇಲೆ ಎಐನಲ್ಲಿ ದನಿ ಬದಲಾಯ್ಸಿದ್ರು. ಅವರೇ ಕೇಳಿದ್ರು ಅಂದ್ಮೇಲೆ.

ಮತ್ತೊಬ್ಬರು: ನಾನು ಎಐನಲ್ಲಿ ಮಾಡಿದ ವಾಯ್ಸ್ ಫೈಲ್‌ಗಳನ್ನ ಯಾರೋ ಎತ್ತಿ ಅವರ ಮಾಡ್‌ಗೆ ಹಾಕಿದಾರೆ, ಕಾಪಿರೈಟ್ ಸ್ಟ್ರೈಕ್ (ತೆಗೆಸೋ ದೂರು) ಕೊಡ್ಬಹುದಾ?

ಉತ್ತರ: ಅಮೆರಿಕದಲ್ಲಿ ಮನುಷ್ಯನ ಕೈವಾಡ ಇಲ್ದೆ ಎಐ ಮಾಡಿದ್ದಕ್ಕೆ ಕಾಪಿರೈಟ್ ಇಲ್ಲ, 2025ರ ಮಾರ್ಚ್‌ನಲ್ಲಿ ಅಪೀಲ್ ಕೋರ್ಟ್ ಕೂಡ ಇದನ್ನೇ ಎತ್ತಿಹಿಡೀತು. ಆದ್ರೆ ಡೈಲಾಗ್ ನೀವು ಬರ್ದಿದ್ರೆ ಆ ಬರವಣಿಗೆ ನಿಮ್ಮದು, ಅದರ ಮೇಲೆ ದೂರು ಕೊಡಿ. ಆಡಿಯೋಗೆ ಕಾಪಿರೈಟ್ ಇಲ್ಲ ಅಂತ ಗೊತ್ತಿದ್ದೂ ಅದು ನಂದು ಅಂತ ಸುಳ್ಳು ನೋಟಿಸ್ ಕಳಿಸಿದ್ರೆ ನೀವೇ ಹೊಣೆ ಆಗ್ತೀರ.

ಮೊದಲ ಪ್ರಶ್ನೆ ಕೇಳಿದವರು: ಹಾಗಾದ್ರೆ ನಾನೀಗ ಏನ್ ಮಾಡ್ಲಿ ಮೇಡಂ, ಮಾಡ್ ರೆಡಿ ಇದೆ.

ಉತ್ತರ: ಅಪ್‌ಲೋಡ್ ಸ್ವಲ್ಪ ತಡೀರಿ. ಆ ಕಲಾವಿದರಿಗೋ ಅವರ ಏಜೆಂಟ್‌ಗೋ ಸ್ಕ್ರಿಪ್ಟ್ ಸಮೇತ ಮೇಲ್ ಹಾಕಿ, ಉತ್ತರ ಬರ್ಲಿಲ್ಲ ಅಂದ್ರೆ ಒಪ್ಪಿದ್ರು ಅಂತ ಅಲ್ಲ. ಇಲ್ಲಾಂದ್ರೆ ಆ ಪಾತ್ರದ ಮಾತು ಸಬ್‌ಟೈಟಲ್‌ನಲ್ಲಿ ಮಾತ್ರ ಬರ್ಲಿ, ಅಥವಾ ಹೊಸ ಪಾತ್ರ ಮಾಡಿ ಹವ್ಯಾಸಿ ವಾಯ್ಸ್ ಆಕ್ಟರ್ ಒಬ್ರನ್ನ ಕೇಳಿ, ಮಾಡಿಂಗ್ ಮಾಡೋರ ನಡುವೆ ಅಂಥವ್ರು ತುಂಬಾ ಜನ ಸಿಗ್ತಾರೆ, ನಿಮ್ಮ ಡೈಲಾಗ್‌ಗೆ ನೀವು ಊಹಿಸದಿರೋ ಜೀವ ತುಂಬ್ತಾರೆ. ಅವರ ಹತ್ರಾನೂ ಯಾವ ಮಾಡ್‌ಗೆ, ಮುಂದೆ ಈ ರೆಕಾರ್ಡಿಂಗ್ ಎಐ ಟ್ರೈನಿಂಗ್‌ಗೆ ಹೋಗ್ಬಹುದಾ ಇಲ್ವಾ ಅನ್ನೋದನ್ನ ಬರವಣಿಗೇಲಿ ತಗೊಳ್ಳಿ, ಒಂದು ಮೇಲ್ ಇದ್ರೂ ಆಗುತ್ತೆ.