ಅಪ್ಪಯ್ಯನ ನೆನಪಿಗೆ ಮೊದಲ ರಿವಾಲ್ವರ್: ಯಾವುದನ್ನು ಆರಿಸಿಕೊಳ್ಳಲಿ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ್ತಿ

ಎಲ್ಲರಿಗೂ ನಮಸ್ಕಾರ. ಕಳೆದ ಆಷಾಢದಲ್ಲಿ ನಮ್ಮ ಅಪ್ಪಯ್ಯ ತೀರಿಕೊಂಡರು. ತೋಟದ ಮನೆಯಲ್ಲಿ ಈಗ ಅಮ್ಮ ಮತ್ತು ನಾನು ಇಬ್ಬರೇ ಇದ್ದೇವೆ. ಹತ್ತಿರದ ಮನೆ ಎಂದರೂ ಗದ್ದೆ ಬಯಲು ದಾಟಿ ಮುಕ್ಕಾಲು ಮೈಲಿ ನಡೆಯಬೇಕು. ಅಪ್ಪಯ್ಯನ ಬಳಿ 38 ವರ್ಷಗಳಿಂದ 12 ಬೋರಿನ ಜೋಡಿ ನಳಿಗೆಯ ತೋಟಾ ಕೋವಿ ಇತ್ತು. ಅವರು ಹೋದ ಮೇಲೆ ಅದನ್ನು ಠಾಣೆಗೆ ಜಮೆ ಮಾಡಿ ರಸೀದಿ ಪಡೆದಿದ್ದೇವೆ. ಬೆಂಗಳೂರಿನಲ್ಲಿರುವ ಅಣ್ಣನಿಗೆ ಕೋವಿ ಬೇಡ, ಮಾರಿಬಿಡೋಣ ಎನ್ನುತ್ತಾನೆ.

ನಾನು ಪಿಯುಸಿ ಓದುತ್ತಿದ್ದಾಗ ಅಪ್ಪಯ್ಯ ಖಾಲಿ ಕೋವಿಯನ್ನು ನನ್ನ ಕೈಗೆ ಕೊಟ್ಟು ಮೊದಲು ಕಲಿಸಿದ್ದು ಗುರಿ ಹಿಡಿಯುವುದನ್ನಲ್ಲ. ಅದನ್ನು ನಡುವಿನ ಕೀಲಿನಲ್ಲಿ ಮುರಿದು ತೆರೆದು, ಎರಡೂ ನಳಿಗೆಗಳನ್ನು ಬೆಳಕಿಗೆ ಹಿಡಿದು ನೋಡುವುದನ್ನು. ಈಗ ತಾನೇ ಅವರೇ ನೋಡಿ ಕೊಟ್ಟಿದ್ದರೂ ನಾನು ಮತ್ತೆ ತೆರೆದು ನೋಡಬೇಕಿತ್ತು. ಮರೆತರೆ ಕೋವಿಯನ್ನು ವಾಪಸು ಇಸಿದುಕೊಂಡು ಆ ದಿನಕ್ಕೆ ಪಾಠ ಮುಗಿಸುತ್ತಿದ್ದರು.

ಒಮ್ಮೆ ತೋಟಾ ಕೊಳ್ಳಲು ಶಿವಮೊಗ್ಗಕ್ಕೆ ಹೋಗಿದ್ದಾಗ ಅಂಗಡಿಯವರು ಗಾಜಿನ ಮೇಜಿನ ಮೇಲೆ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ಬೋರಿನ ರಿವಾಲ್ವರ್ ಒಂದನ್ನು ಇಟ್ಟರು. ಅಪ್ಪಯ್ಯ ಅದನ್ನು ತೆರೆದು, ಬೆಳಕಿಗೆ ಹಿಡಿದು ನೋಡಿ, ಮುಚ್ಚಿ, ನನ್ನ ಕಡೆ ತಿರುಗಿ ಸ್ವಲ್ಪ ನಕ್ಕು ಹಿಂದಿರುಗಿಸಿದರು. ಬಸ್ಸಿನಲ್ಲಿ ಬರುವಾಗ, ಯಾವತ್ತಾದರೂ ಅಂಥದ್ದೊಂದು ಇಟ್ಟುಕೊಳ್ಳಬೇಕು ಎಂದಿದ್ದರು. ಕೊಳ್ಳುವುದು ಆಗಲಿಲ್ಲ. ಕೋವಿಯನ್ನು ಮಾರಿ, ಬಂದ ಹಣಕ್ಕೆ ನನ್ನದನ್ನೂ ಸೇರಿಸಿ ಅವರ ನೆನಪಿಗಾಗಿ ಒಂದು ರಿವಾಲ್ವರ್ ಕೊಳ್ಳಬೇಕೆಂದು ಯೋಚಿಸಿದ್ದೇನೆ. ಇದುವರೆಗೆ ನನ್ನ ಹೆಸರಿನಲ್ಲಿ ಯಾವ ಲೈಸೆನ್ಸೂ ಇಲ್ಲ. ಮೊದಲ ಸಲ ಕೊಳ್ಳುವವರಿಗೆ ಯಾವುದು ಒಳ್ಳೆಯದು, ಲೈಸೆನ್ಸ್ ಸಿಗುವುದು ಹೇಗೆ, ಅದರ ಮೇಲೆ ಅಪ್ಪಯ್ಯನ ಹೆಸರನ್ನು ಕೆತ್ತಿಸಬಹುದೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಉತ್ತರ: ಕಂದಾಯ ಇಲಾಖೆಯ ನಿವೃತ್ತ ನೌಕರ, ಶಿವಮೊಗ್ಗ

ತಂಗಿ, ನಿಮ್ಮ ತಂದೆಯವರು ಕಲಿಸಿದ ರೀತಿಯನ್ನು ಓದಿ ಅವರ ಮೇಲೆ ಗೌರವ ಬಂತು. ನಾನು ಕೆಲವು ವರ್ಷ ಆಯುಧ ಪರವಾನಗಿಯ ಕಡತಗಳನ್ನು ನೋಡಿಕೊಂಡವನು, ಹಾಗಾಗಿ ಆ ವಿಷಯವನ್ನಷ್ಟೇ ಬರೆಯುತ್ತೇನೆ.

ಮೊದಲನೆಯದಾಗಿ, ಕೋವಿಯನ್ನು ಮಾರಲು ಅವಸರ ಮಾಡಬೇಡಿ. 2016ರ ಆಯುಧ ನಿಯಮಗಳ 25ನೇ ನಿಯಮದ ಪ್ರಕಾರ, ಲೈಸೆನ್ಸುದಾರರು ತೀರಿಕೊಂಡಾಗ ಅವರ ಕಾನೂನುಬದ್ಧ ವಾರಸುದಾರರು ಅದೇ ಆಯುಧಕ್ಕೆ ತಮ್ಮ ಹೆಸರಿನಲ್ಲಿ ಲೈಸೆನ್ಸ್ ಕೇಳಬಹುದು. ಮರಣ ಪ್ರಮಾಣಪತ್ರ, ವಂಶವೃಕ್ಷ, ಠಾಣೆಯ ರಸೀದಿ, ಹಳೆಯ ಲೈಸೆನ್ಸ್ ಪುಸ್ತಕ ಇವುಗಳ ಜೊತೆಗೆ ತಾಯಿಯವರ ಮತ್ತು ಅಣ್ಣನ ಒಪ್ಪಿಗೆಯನ್ನು ಅಫಿಡವಿಟ್ ಮೂಲಕ ಬರೆಸಿಕೊಂಡು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಕೊಡಿ. ಜಮೆ ಮಾಡಿದ ಕೋವಿ ಎಷ್ಟು ಕಾಲವಾದರೂ ಠಾಣೆಯಲ್ಲಿ ಭದ್ರವಾಗಿರುತ್ತದೆ ಎಂದು ಅನೇಕರು ಭಾವಿಸಿರುತ್ತಾರೆ. ಆದರೆ 1959ರ ಆಯುಧ ಕಾಯ್ದೆಯ 21ನೇ ಕಲಮಿನಲ್ಲಿ, ನಿಗದಿತ ಅವಧಿಯೊಳಗೆ ಬಿಡಿಸಿಕೊಳ್ಳದ ಅಥವಾ ವಿಲೇವಾರಿ ಮಾಡದ ಆಯುಧವನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶವಿದೆ. ತಂದೆಯ ಕೋವಿಯನ್ನು ಹೀಗೆ ಕಳೆದುಕೊಂಡು ಕಚೇರಿಯ ಬಾಗಿಲಲ್ಲಿ ಕಣ್ಣೀರು ಹಾಕಿದವರನ್ನು ನಾನು ನೋಡಿದ್ದೇನೆ.

ರಿವಾಲ್ವರಿನ ವಿಷಯ ಬೇರೆ. ಅದೇ ಕಾಯ್ದೆಯ 13ನೇ ಕಲಮು, ರಕ್ಷಣೆಗಾಗಿ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ನಯಬೋರಿನ (ನಳಿಗೆಯ ಒಳಮೈ ನುಣುಪಾಗಿರುವ) ಕೋವಿಯನ್ನೂ ಬೆಳೆ ರಕ್ಷಣೆಗಾಗಿ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನೂ ಒಂದು ಬಗೆಯಲ್ಲಿ ಕಾಣುತ್ತದೆ. ಉಳಿದ ಆಯುಧಗಳಿಗೆ, ಅಂದರೆ ರಿವಾಲ್ವರಿಗೂ, ಅರ್ಜಿದಾರರಿಗೆ ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು ಎನ್ನುತ್ತದೆ. ತಂದೆಯ ನೆನಪು ಎಷ್ಟೇ ದೊಡ್ಡದಾದರೂ ಕಾಯ್ದೆಯ ಕಣ್ಣಿನಲ್ಲಿ ಅದು ಅಂಥ ಕಾರಣವಾಗುವುದಿಲ್ಲ, ಮತ್ತು ಬೆಳೆ ರಕ್ಷಣೆಯ ಹೆಸರಿನಲ್ಲಿ ರಿವಾಲ್ವರ್ ಕೇಳುವುದರಲ್ಲಿ ಅರ್ಥವಿಲ್ಲ. ಒಂಟಿ ಮನೆ, ಅಡಿಕೆ ಮಾರಿದ ದಿನಗಳಲ್ಲಿ ಮನೆಯಲ್ಲಿರುವ ಹಣ, ಹಿಂದೆ ಕಳ್ಳತನವಾಗಿ ದೂರು ಕೊಟ್ಟಿದ್ದರೆ ಅದರ ಪ್ರತಿ, ಇವುಗಳಲ್ಲಿ ನಿಮಗೆ ನಿಜವಾಗಿ ಅನ್ವಯಿಸುವುದನ್ನು ಮಾತ್ರ ಬರೆಯಿರಿ. ಪೊಲೀಸ್ ವರದಿ ಬರುವಾಗ ಉತ್ಪ್ರೇಕ್ಷೆ ಬಯಲಾಗುತ್ತದೆ, ಆಮೇಲೆ ನಿಜವಾದ ಕಾರಣವನ್ನೂ ಯಾರೂ ನಂಬುವುದಿಲ್ಲ. ಆಯುಧ ಸುರಕ್ಷತೆಯ ತರಬೇತಿಯ ಪ್ರಮಾಣಪತ್ರವನ್ನು ಮೊದಲೇ ಪಡೆದಿಟ್ಟುಕೊಳ್ಳಿ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೇಳಿ. 18ನೇ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ.

2019ರ ತಿದ್ದುಪಡಿಯ ನಂತರ ಒಬ್ಬರು ಗರಿಷ್ಠ ಎರಡು ಆಯುಧಗಳನ್ನು ಇಟ್ಟುಕೊಳ್ಳಬಹುದು, ವಾರಸಿನಿಂದ ಬಂದದ್ದೂ ಈ ಲೆಕ್ಕದಲ್ಲೇ ಸೇರುತ್ತದೆ. ಆದ್ದರಿಂದ ಕೋವಿಯೋ ರಿವಾಲ್ವರೋ ಎಂದು ಒಂದನ್ನು ಬಿಟ್ಟುಕೊಡಬೇಕಾದ ಅಗತ್ಯ ನಿಮಗಿಲ್ಲ.

ಉತ್ತರ: ಹೊಸನಗರ ಕಡೆಯ ಬೆಳೆಗಾರ

ಹಿರಿಯರು ಲೈಸೆನ್ಸಿನ ವಿಷಯವನ್ನು ಪೂರ್ತಿಯಾಗಿ ಹೇಳಿದ್ದಾರೆ. ನಾನು 17 ವರ್ಷಗಳಿಂದ ಕಾನ್ಪುರದ .32 ಇಟ್ಟುಕೊಂಡಿದ್ದೇನೆ, ಆ ಅನುಭವದಿಂದ ಎರಡು ಮಾತು ಬರೆಯುತ್ತೇನೆ.

ನಿಮ್ಮ ಆಯ್ಕೆ ನೀವು ಅಂದುಕೊಂಡಷ್ಟು ವಿಶಾಲವಾಗಿಲ್ಲ. 9 ಮಿ.ಮೀ., .38, .455 ಬೋರುಗಳು ಸಾಮಾನ್ಯ ಲೈಸೆನ್ಸಿನವರಿಗೆ ಸಿಗುವುದಿಲ್ಲವಾದ್ದರಿಂದ ಮಾತು ಹೆಚ್ಚು ಕಡಿಮೆ .32ಕ್ಕೇ ಬಂದು ನಿಲ್ಲುತ್ತದೆ. ಅದರಲ್ಲಿ ಹಳೆಯದು ಕಾನ್ಪುರದ ಉಕ್ಕಿನ ರಿವಾಲ್ವರ್. ಬ್ರಿಟಿಷರ ಕಾಲದ ವೆಬ್ಲಿ ರಿವಾಲ್ವರಿನ ಮಾದರಿಯನ್ನು ಅನುಸರಿಸಿದ್ದು, ಆರು ತೋಟಾ, ತೂಕ ಸುಮಾರು 700 ಗ್ರಾಂ. 2014ರಲ್ಲಿ ಬಂದ ನಿರ್ಭೀಕ್ ಟೈಟಾನಿಯಂ ಮಿಶ್ರಲೋಹದ್ದು, ಸುಮಾರು 500 ಗ್ರಾಂ ತೂಗುತ್ತದೆ. ಮಹಿಳೆಯರಿಗೆಂದೇ ಮಾಡಿದ್ದು ಎಂದು ಅದಕ್ಕೆ ಪ್ರಚಾರ ಸಿಕ್ಕಿತ್ತು, ಆದರೆ ಆ ಒಂದು ಕಾರಣಕ್ಕೆ ಅದನ್ನು ಆರಿಸಬೇಡಿ. ಬ್ಯಾಗಿನಲ್ಲಿ ಹೊತ್ತು ತಿರುಗುವವರಿಗೆ ಹಗುರ ಒಳ್ಳೆಯದು. ಮನೆಯಲ್ಲಿ ಇಡುವವರಿಗೆ ತೂಕವೇ ಒಳ್ಳೆಯದು, ಏಕೆಂದರೆ ಈಡಿನ ಒದೆತವನ್ನು ತೂಕ ನುಂಗಿಕೊಳ್ಳುತ್ತದೆ. 2023ರಲ್ಲಿ ಬಂದ ಪ್ರಬಲ್ ಇವೆರಡಕ್ಕಿಂತ ಭಿನ್ನ, ತೋಟಾ ತುಂಬುವ ಅದರ ಸಿಲಿಂಡರ್ ಪಕ್ಕಕ್ಕೆ ಹೊರಳಿ ತೆರೆಯುತ್ತದೆ. ಹಳೆಯ ಕಾನ್ಪುರದ್ದು ಮೇಲಿನ ಚಿಲಕ ಒತ್ತಿದರೆ ನಳಿಗೆ ಕೆಳಕ್ಕೆ ಬಾಗಿ, ಜೋಡಿ ನಳಿಗೆಯ ಕೋವಿಯಂತೆಯೇ ನಡು ಮುರಿದು ತೆರೆದುಕೊಳ್ಳುತ್ತದೆ. ತೋಟಾ ಕೂರುವ ಆರೂ ಮನೆಗಳು ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ನಿಮ್ಮ ಕೈಗೆ ಚಿಕ್ಕಂದಿನಿಂದ ಯಾವ ಚಲನೆ ರೂಢಿಯಾಗಿದೆಯೋ ಅದೇ ಚಲನೆಯ ಆಯುಧವನ್ನು ಕೊಳ್ಳುವುದು ಸುರಕ್ಷಿತ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊಳ್ಳುವ ಮುನ್ನ, ವಿಶೇಷವಾಗಿ ಬಳಸಿದ್ದನ್ನು ಕೊಳ್ಳುವುದಾದರೆ, ಖಾಲಿ ಇದೆಯೆಂದು ನೋಡಿದ ಮೇಲೆ ಮುಚ್ಚಿದ ಸ್ಥಿತಿಯಲ್ಲಿ ನಳಿಗೆಯನ್ನೂ ಹಿಡಿಯನ್ನೂ ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಾಡಿಸಿ. ಮುರಿಯುವ ಕೀಲು ಮತ್ತು ಮೇಲಿನ ಚಿಲಕ ಸವೆದಿದ್ದರೆ ಅಲ್ಲೇ ಆಟ ತಿಳಿಯುತ್ತದೆ. ಕುದುರೆ (ತೋಟಾಕ್ಕೆ ಹೊಡೆಯುವ ಹಿಂಬದಿಯ ಸುತ್ತಿಗೆ) ಎತ್ತಿ ನಿಲ್ಲಿಸಿ ಸಿಲಿಂಡರನ್ನು ಬೆರಳಿನಿಂದ ಮುಟ್ಟಿ ನೋಡಿ, ಅದು ಗಟ್ಟಿಯಾಗಿ ನಿಂತಿರಬೇಕು. ನಳಿಗೆಗೆ ನೇರವಾಗಿ ಬಂದು ನಿಲ್ಲದ ಸಿಲಿಂಡರ್ ಸೀಸದ ಚೂರನ್ನು ಪಕ್ಕಕ್ಕೆ ಸಿಡಿಸುತ್ತದೆ. ಕುದುರೆ ಎತ್ತದೆ ನೇರವಾಗಿ ಟ್ರಿಗರ್ ಎಳೆಯುವುದು ತುಂಬಾ ಬಿಗಿ, ಹೊಸಬರ ಗುರಿ ತಪ್ಪುವುದು ಅಲ್ಲೇ.

ಇನ್ನು ನಮ್ಮ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಬೀಳುತ್ತದೆ, ನಮ್ಮ ನಿಮ್ಮ ಊರುಗಳಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಬಟ್ಟೆಯೇ ಬೂಷ್ಟು ಹಿಡಿಯುತ್ತದೆ. ಮೊದಲ ವರ್ಷ ನಾನು ರಿವಾಲ್ವರನ್ನು ಚರ್ಮದ ಒರೆಯಲ್ಲೇ ಇಟ್ಟು ಬೀಗ ಹಾಕಿದ್ದೆ. ಚರ್ಮ ತೇವ ಹೀರಿಕೊಂಡು, ಒಂದೂವರೆ ತಿಂಗಳಲ್ಲಿ ನಳಿಗೆಯ ಮೇಲೆ ಒರೆಯ ಹೊಲಿಗೆಯ ಗುರುತೇ ತುಕ್ಕಾಗಿ ಮೂಡಿತ್ತು. ಅದೇ ವರ್ಷ ಆಯುಧಪೂಜೆಯಲ್ಲಿ ಒದ್ದೆ ಕುಂಕುಮ ಹಚ್ಚಿ ಒರೆಸದೆ ಬಿಟ್ಟಿದ್ದೆ. ಹಿಡಿಯ ಮೇಲ್ಭಾಗದಲ್ಲಿ ಹೆಬ್ಬೆರಳಗಲದ ಆ ಕಲೆ ಇವತ್ತಿಗೂ ಇದೆ. ಈಗ ಒರೆಯನ್ನು ಬೇರೆ ಇಡುತ್ತೇನೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹಳೆಯ ಪಂಚೆಯ ತುಂಡಿನಿಂದ ಒರೆಸಿ ಕೋವಿಯ ಎಣ್ಣೆ ತೆಳ್ಳಗೆ ಸವರುತ್ತೇನೆ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡುತ್ತೇನೆ, ಪೂಜೆಯ ದಿನ ಕುಂಕುಮವನ್ನು ಪೆಟ್ಟಿಗೆಗೆ ಹಚ್ಚುತ್ತೇನೆ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಚಳಿಗೆ ಹೆಪ್ಪುಗಟ್ಟಿ ಅಂಟಾಗುತ್ತದೆ. ತೋಟಾಗಳನ್ನು ಬೇರೆ ಬೀಗದಲ್ಲಿ ಇಡಿ, ಹಿತ್ತಾಳೆಗೆ ಕಿಲುಬು ಬಂದಿದ್ದರೆ ಬಳಸಬೇಡಿ.

ಉತ್ತರ: ಸಾಗರದಿಂದ

ಹೆಸರು ಕೆತ್ತಿಸುವ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ಲೋಹಕ್ಕೆ ಉಳಿ ತಾಗಿಸಬೇಡಿ. ಆಯುಧದ ನಂಬರನ್ನಾಗಲಿ ಗುರುತನ್ನಾಗಲಿ ಅಳಿಸುವುದು, ಬದಲಿಸುವುದು ಅಪರಾಧ. ಕೆತ್ತುವವರ ಕೈ ಒಂದಿಷ್ಟು ಜಾರಿದರೂ ಆ ಅನುಮಾನಕ್ಕೆ ನೀವು ಗುರಿಯಾಗುತ್ತೀರಿ. ಅದರ ಬದಲು ಹಿಡಿಯ ಎರಡು ಪಕ್ಕದ ಹಲಗೆಗಳನ್ನು ಮರದಲ್ಲಿ ಮಾಡಿಸಿ. ಅವು ತಿರುಪಿನಿಂದ ಬಿಚ್ಚಿ ಬರುತ್ತವೆ, ಹಾಗಾಗಿ ರಿವಾಲ್ವರನ್ನು ಮನೆಯ ಬೀಗದಲ್ಲೇ ಬಿಟ್ಟು ಹಳೆಯ ಹಲಗೆಗಳನ್ನಷ್ಟೇ ಅಳತೆಗೆ ಒಯ್ಯಬಹುದು. ನಮ್ಮ ಸಾಗರ, ಸೊರಬದ ಗುಡಿಗಾರರ ಕೈಕೆಲಸ ನಿಮಗೆ ಗೊತ್ತೇ ಇದೆ. ತಂದೆಯವರು ಬಳಸುತ್ತಿದ್ದ ಮುರಿದ ಬೀಟೆಯ ಕುರ್ಚಿಯ ಕಾಲೋ ಮಂಚದ ಪಟ್ಟಿಯೋ ಇದ್ದರೆ ಅದರಿಂದಲೇ ಮಾಡಿಸಿ, ಒಳಮೈಗೆ ಹೆಸರು ಬರೆಸಿ. ಆಗ ಕೈ ಹಿಡಿಯುವುದು ಅವರು ಮುಟ್ಟಿದ ಮರವನ್ನೇ.

ಉತ್ತರ: ಕೊಪ್ಪದ ಓದುಗಿತ್ತಿ

ತಂಗಿ, ನನ್ನ ಮಾತು ಬೇರೆಯವರಿಗಿಂತ ಭಿನ್ನವಾಗಿದೆ, ಬೇಸರಿಸಬೇಡ. ನಮ್ಮ ಯಜಮಾನರು ಹೋದ ವರ್ಷ ನನ್ನ ಮನಸ್ಸು ನನ್ನ ಹಿಡಿತದಲ್ಲಿರಲಿಲ್ಲ. ರಾತ್ರಿ ಎಲೆ ಬಿದ್ದರೂ ಯಾರೋ ಬಂದಂತೆ ಕೇಳುತ್ತಿತ್ತು. ಮತ್ತೆ ಕೆಲವು ರಾತ್ರಿ ಬದುಕುವುದೇ ಬೇಡವೆನಿಸುತ್ತಿತ್ತು. ಆಗ ಮನೆಯಲ್ಲಿದ್ದ ಕೋವಿಯನ್ನು ನನ್ನ ತಮ್ಮ ಠಾಣೆಗೆ ಜಮೆ ಮಾಡಿಸಿದ್ದು ನನಗೆ ಮಾಡಿದ ದೊಡ್ಡ ಉಪಕಾರ ಎಂದು ಈಗ ತಿಳಿಯುತ್ತದೆ. ನಿನ್ನ ತಾಯಿಯ ಮನಸ್ಸು ಹೇಗಿದೆ ಎಂದು ಅವರ ಹತ್ತಿರ ಕುಳಿತು ಕೇಳಿದ್ದೀಯಾ? ವರ್ಷಾಬ್ದಿಕ ಮುಗಿಯುವ ತನಕ ಹೊಸ ಆಯುಧ ಮನೆಗೆ ತರಬೇಡ. ಅಷ್ಟರಲ್ಲಿ ಅಂಗಳಕ್ಕೆ ಒಳ್ಳೆಯ ದೀಪ, ಒಂದು ನಾಯಿ, ಗೇಟಿಗೆ ಬೀಗ, ರಾತ್ರಿ ಕರೆದರೆ ಬರುವ ಎರಡು ಮನೆಯವರ ಫೋನ್ ನಂಬರ್, ಇಷ್ಟನ್ನು ಮಾಡಿಕೋ. ಕತ್ತಲಲ್ಲಿ ಕಳ್ಳನೂ ದನ ಹುಡುಕಿ ಬಂದ ಆಳೂ ಒಂದೇ ತರಹ ಕಾಣುತ್ತಾರೆ.

ಮರು ಉತ್ತರ: ಹೊಸನಗರ ಕಡೆಯ ಬೆಳೆಗಾರ

ಅಕ್ಕನ ಮಾತನ್ನು ನಾನು ಮೊದಲೇ ಬರೆಯಬೇಕಿತ್ತು. ನಾನು ಯಾವುದನ್ನು ಕೊಳ್ಳಬೇಕೆಂದು ಬರೆದೆನೇ ಹೊರತು ಯಾವಾಗ ಎಂಬುದನ್ನು ಯೋಚಿಸಲಿಲ್ಲ. ಕಾಯುವುದರಿಂದ ನಷ್ಟವೇನೂ ಇಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಕೊಪ್ಪದ ಅಕ್ಕನ ಬರಹವನ್ನು ಓದಿದ ರಾತ್ರಿಯೇ ಅಮ್ಮನ ಹತ್ತಿರ ಕುಳಿತು ಮಾತನಾಡಿದೆ. ಅಪ್ಪಯ್ಯ ಹೋದಾಗಿನಿಂದ ಅವರು ಸರಿಯಾಗಿ ನಿದ್ದೆ ಮಾಡಿಲ್ಲ ಎಂಬುದು ನನಗೆ ಆಗಲೇ ತಿಳಿದದ್ದು. ಮಧ್ಯಾಹ್ನ ಮಲಗುತ್ತೇನೆಂದು ಹೇಳಿ ಅವರು ಸುಮ್ಮನೆ ಮಾಡು ನೋಡುತ್ತಿದ್ದರಂತೆ. ಮರುದಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಿ ಬಂದೆ. ವರ್ಷಾಬ್ದಿಕದ ತನಕ ಮನೆಗೆ ಯಾವ ಆಯುಧವೂ ಬರುವುದಿಲ್ಲ.

ಅಣ್ಣ ಒಪ್ಪಿಗೆಯನ್ನು ಬರೆದುಕೊಡುತ್ತೇನೆಂದು ಹೇಳಿದ್ದಾನೆ. ಕೋವಿಯನ್ನು ಮಾರುವುದಿಲ್ಲ, ಅವಧಿ ಮೀರದಂತೆ ವಾರಸಿನ ಅರ್ಜಿಯನ್ನು ಈಗಲೇ ಕೊಡುತ್ತೇನೆ. ಲೈಸೆನ್ಸ್ ಅಷ್ಟರೊಳಗೆ ಬಂದರೂ ಕೋವಿಯನ್ನು ಶಿವಮೊಗ್ಗದ ಲೈಸೆನ್ಸ್ ಪಡೆದ ಅಂಗಡಿಯಲ್ಲಿ ಇರಿಸಬಹುದೇ ಎಂದು ವಿಚಾರಿಸುತ್ತೇನೆ. ರಿವಾಲ್ವರಿಗೆ ಬರೆಯಬಹುದಾದ ನಿಜವಾದ ಕಾರಣ ನನ್ನಲ್ಲಿ ಇದೆಯೇ ಎಂಬುದನ್ನು ಆಮೇಲೆ ಶಾಂತವಾಗಿ ನೋಡುತ್ತೇನೆ. ಇದ್ದರೆ ಕಾನ್ಪುರದ ಹಳೆಯ ಉಕ್ಕಿನದನ್ನೇ ಕೊಳ್ಳುತ್ತೇನೆ.

ಅದು ಜೋಡಿ ನಳಿಗೆಯಂತೆ ಮುರಿದು ತೆರೆಯುತ್ತದೆ ಎಂದು ಹೊಸನಗರದವರು ಬರೆದದ್ದನ್ನು ಓದುವವರೆಗೂ ನನಗೆ ಹೊಳೆದಿರಲಿಲ್ಲ. ಅಂದು ಅಂಗಡಿಯಲ್ಲಿ ಅಪ್ಪಯ್ಯ ನನ್ನ ಕಡೆ ತಿರುಗಿ ನಕ್ಕಿದ್ದು ಅದಕ್ಕೇ. ನನಗೂ ಅದನ್ನು ತೆರೆದು ನೋಡಲು ಬರುತ್ತದೆ ಎಂದು ಅವರಿಗೆ ಗೊತ್ತಾಗಿತ್ತು.