ಪ್ರಶ್ನೋತ್ತರ: ಬಡಾವಣೆಯಲ್ಲಿ ಕೋಳಿ ಸಾಕಲು ಅನುಮತಿ ಕೇಳುವುದು ಹೇಗೆ?

ಅಡ್ಮಿನ್: ಇವತ್ತು ಸಂಜೆ ನಮ್ಮ ಗುಂಪಿನ ಪಶುವೈದ್ಯೆ ಮೇಡಂ ಉತ್ತರ ಕೊಡುತ್ತಾರೆ. ಕೋಳಿ ಕಾಯಿಲೆ ನೋಡುತ್ತಾರೆ, ಸ್ಥಳೀಯ ಆಡಳಿತದ ಸಭೆಗಳಲ್ಲಿ ಹಿತ್ತಲ ಕೋಳಿ ಪರವಾಗಿ ಮಾತಾಡಿಯೂ ಇದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಅರ್ಜಿದಾರ: ನಮಸ್ತೆ ಮೇಡಂ. ನಮ್ಮ ಬಡಾವಣೆಯಲ್ಲಿ ಕೋಳಿ ಸಾಕುವ ಹಾಗಿಲ್ಲ ಅನ್ನುತ್ತಾರೆ. ಅನುಮತಿ ಕೇಳೋಣ ಅಂತ ಹನ್ನೆರಡು ಮನೆಯವರು ಸೇರಿದ್ದೇವೆ. ಎಲ್ಲಿಂದ ಶುರು ಮಾಡಬೇಕು?

ಪಶುವೈದ್ಯೆ: ನಮಸ್ತೆ. "ಅನ್ನುತ್ತಾರೆ" ಅನ್ನುವುದನ್ನು ಬಿಡಿ, ನಿಯಮದ ಪ್ರತಿ ತೆಗೆದುಕೊಂಡು ನೀವೇ ಓದಿ. ಕೆಲವು ನಿಯಮಗಳಲ್ಲಿ ಕೋಳಿ ಎಂಬ ಪದವೇ ಇರುವುದಿಲ್ಲ, "ಜಾನುವಾರು" ಅಂತ ಇರುತ್ತದೆ. ಅದರಲ್ಲಿ ಕೋಳಿಯೂ ಸೇರುತ್ತದಾ ಅಂತ ನೋಡಬೇಕು. ಕೆಲವು ಕಡೆ "ನೆರೆಯವರಿಗೆ ಉಪದ್ರವ ಆಗಬಾರದು" ಅಂತ ಮಾತ್ರ ಇರುತ್ತದೆ. ಇನ್ನು ಕೆಲವು ಕಡೆ ಸ್ಥಳೀಯ ಆಡಳಿತದ ತಕರಾರೇ ಇಲ್ಲ, ನಿಷೇಧ ಇರುವುದು ನಿವಾಸಿಗಳ ಸಂಘದ ಬೈಲಾದಲ್ಲಿ. ತಪ್ಪು ಕಚೇರಿಗೆ ಅರ್ಜಿ ಕೊಟ್ಟರೆ ತಿಂಗಳುಗಟ್ಟಲೆ ಕಾದು ಕೊನೆಗೆ ಒಂದು ಹಿಂಬರಹ ಸಿಗುತ್ತದೆ, ಅಷ್ಟೆ.

ಬರೀ "ಅನುಮತಿ ಕೊಡಿ" ಅಂತ ಮನವಿ ಕೊಡಬೇಡಿ. ಕರಡು ನಿಯಮವನ್ನೇ ಬರೆದುಕೊಂಡು ಹೋಗಿ. ಮನೆಗೆ ನಾಲ್ಕರಿಂದ ಆರು ಹೇಂಟೆ. ಹುಂಜ ಇಲ್ಲ. ಗೂಡು ಪಕ್ಕದ ಮನೆಯಿಂದ ಇಷ್ಟು ದೂರ. ಕಾಳು ಮುಚ್ಚಳ ಇರುವ ಡಬ್ಬದಲ್ಲಿ. ಮಾರಾಟ ಇಲ್ಲ, ಅಲ್ಲೇ ಕೊಯ್ಯುವುದೂ ಇಲ್ಲ. ದೂರು ಬಂದರೆ ತಪಾಸಣೆ, ಸರಿಪಡಿಸದಿದ್ದರೆ ಅನುಮತಿ ರದ್ದು. ಇದನ್ನೆಲ್ಲ ನೀವೇ ಬರೆದಿದ್ದರೆ ಅವರಿಗೆ ಬೇಡ ಅನ್ನುವುದಕ್ಕೆ ಕಾರಣ ಹುಡುಕಬೇಕಾಗುತ್ತದೆ. ಒಂದು ವರ್ಷದ ಪ್ರಯೋಗ ಅಂತ ಕೇಳಿ. ಶಾಶ್ವತ ಅಂದರೆ ಸದಸ್ಯರು ಹಿಂಜರಿಯುತ್ತಾರೆ, ಒಂದು ವರ್ಷಕ್ಕಾದರೆ ಒಪ್ಪುವುದು ಸುಲಭ.

ಸಭೆಗೆ ಮೊದಲೇ ಆರೋಗ್ಯಾಧಿಕಾರಿಯನ್ನು ಕಾಣಿ. ಅಲ್ಲಿ ಅವರು "ಈ ವಿಷಯ ನನ್ನ ಗಮನಕ್ಕೇ ಬಂದಿಲ್ಲ" ಅಂದರೆ ಮುಗಿಯಿತು. ಇನ್ನೊಂದು, ಸಭೆಗೆ ಕೋಳಿ ಹಿಡಿದುಕೊಂಡು ಹೋಗಬೇಡಿ. ಹೋದವರಿದ್ದಾರೆ.

ಟೆರೇಸ್ ತೋಟ: ಹುಂಜ ಇಲ್ಲದಿದ್ದರೆ ಮೊಟ್ಟೆ ಹೇಗೆ ಮೇಡಂ?

ಪಶುವೈದ್ಯೆ: ಹುಂಜ ಇಲ್ಲದೆಯೂ ಇಡುತ್ತವೆ. ಮರಿ ಬೇಕಾದರೆ ಮಾತ್ರ ಹುಂಜ.

ರಾತ್ರಿ ಪಾಳಿ: ನಾನು ಇದಕ್ಕೆ ವಿರೋಧಿ, ಮೊದಲೇ ಹೇಳಿಬಿಡುತ್ತೇನೆ. ಬೆಳಗ್ಗೆ ಕೆಲಸ ಮುಗಿಸಿ ಬಂದು ಮಲಗುವವನು ನಾನು. ಹನ್ನೆರಡು ಮನೆ ಸಹಿ ಹಾಕಿದರೆ ಹದಿಮೂರನೇ ಮನೆಯವನ ನಿದ್ದೆಗೆ ಬೆಲೆ ಇಲ್ವಾ?

ಪಶುವೈದ್ಯೆ: ಇದೆ. ಸಭೆಯಲ್ಲಿ ಬರುವ ಮೊದಲ ಪ್ರಶ್ನೆಯೇ ಇದು. ಹುಂಜದ ಕೂಗು ಹತ್ತಿರದಲ್ಲಿ 90 ಡೆಸಿಬಲ್ ದಾಟಬಹುದು, ಬೆಳಕು ಹರಿಯುವ ಮುಂಚೆಯೇ ಶುರುವಾಗುತ್ತದೆ. ಹೇಂಟೆ ಹಾಗಲ್ಲ. ಕತ್ತಲಾದರೆ ಸದ್ದಿಲ್ಲ, ಮೊಟ್ಟೆ ಇಟ್ಟಾಗ ಸ್ವಲ್ಪ ಹೊತ್ತು ಕೊಕ್ಕೊಕ್ಕೋ ಅನ್ನುತ್ತದೆ. ಅದು 60ರಿಂದ 70 ಡೆಸಿಬಲ್, ಹೆಚ್ಚುಕಡಿಮೆ ನಾವು ಮಾತಾಡುವಷ್ಟು. ಆದರೆ ಮೊಟ್ಟೆ ಇಡುವುದು ಬೆಳಗಿನ ಹೊತ್ತೇ ಜಾಸ್ತಿ, ಅಂದರೆ ನೀವು ಮಲಗುವ ಹೊತ್ತಿಗೆ. ಹಾಗಾಗಿ "ಸದ್ದೇ ಬರಲ್ಲ" ಅಂತ ಯಾರಾದರೂ ಬರೆದುಕೊಟ್ಟರೆ ನಂಬಬೇಡಿ. ಗೂಡು ನಿಮ್ಮ ಮಲಗುವ ಕೋಣೆಯ ಕಡೆ ಬೇಡ ಅಂತ ಈಗಲೇ ಬರೆಸಿಕೊಳ್ಳಿ.

ಅರ್ಜಿದಾರ: ನಾಯಿ ಬೊಗಳಿದರೆ ಮಾತ್ರ ಯಾರಿಗೂ ತೊಂದರೆ ಇಲ್ಲ, ಅಲ್ವಾ?

ರಾತ್ರಿ ಪಾಳಿ: ನನ್ನ ಮನೆಯಲ್ಲಿ ನಾಯಿ ಇಲ್ಲ ಸ್ವಾಮಿ. ಇರುವುದು ನಿಮ್ಮ ಮನೆಯಲ್ಲಿ.

ಹಿತ್ತಲ ಗೆಳತಿ: ಕೋಳಿ ಬಂದರೆ ಇಲಿ, ಹೆಗ್ಗಣ ಬರುತ್ತವೆ ಅಂತ ನಮ್ಮ ವಾರ್ಡ್ ಸದಸ್ಯರು ಹೇಳುತ್ತಾರೆ. ಏನು ಉತ್ತರ ಕೊಡಲಿ?

ಪಶುವೈದ್ಯೆ: ಅವರು ಹೇಳುವುದು ಅರ್ಧ ನಿಜ. ಇಲಿ ಬರುವುದು ಚೆಲ್ಲಿದ ಕಾಳಿಗೆ. ಸಂಜೆ ಉಳಿದ ಕಾಳು ತೆಗೆದಿಡಿ. ಅಗಲ ಕಣ್ಣಿನ ಜಾಲರಿ ಕೋಳಿಯನ್ನು ಒಳಗೆ ಇಡುತ್ತದೆ, ಇಲಿಯನ್ನು ಹೊರಗೆ ಇಡುವುದಿಲ್ಲ. ಅರ್ಧ ಇಂಚಿಗಿಂತ ದೊಡ್ಡ ಕಣ್ಣು ಬೇಡ. ಹಿಕ್ಕೆ ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳುತ್ತಾರೆ. ಒಂದು ಹೇಂಟೆ ದಿನಕ್ಕೆ ನೂರು ಗ್ರಾಂಗಿಂತ ಜಾಸ್ತಿ ಹಸಿ ಹಿಕ್ಕೆ ಹಾಕುತ್ತದೆ, ಐದಕ್ಕೆ ಅರ್ಧ ಕೆಜಿ ದಾಟುತ್ತದೆ. ಒಣ ಎಲೆ ಸೇರಿಸಿ ಗೊಬ್ಬರ ಮಾಡುವ ಜಾಗ ಎಲ್ಲಿ ಅಂತ ನಕ್ಷೆಯಲ್ಲಿ ತೋರಿಸಿ.

ಹೊಸ ಸದಸ್ಯ: ಬಾತುಕೋಳಿಗೂ ಇದೇ ನಿಯಮಾನಾ ಮೇಡಂ?

ಮೂಲೆಮನೆ: ಮೇಡಂ, ಅರ್ಜೆಂಟ್. ನಮ್ಮಲ್ಲಿ ಈಗಾಗಲೇ ಐದು ಹೇಂಟೆ ಇವೆ, ಅನುಮತಿ ಇಲ್ಲ. ನಿನ್ನೆ ಒಂದು ಸತ್ತಿತು, ಇವತ್ತು ಇನ್ನೊಂದು. ಮೂರನೆಯದರ ಮುಖ ಊದಿದೆ, ಜುಟ್ಟು ನೀಲಿಗೆ ತಿರುಗಿದೆ, ಕಾಳು ಮುಟ್ಟುತ್ತಿಲ್ಲ. ಮುಂದಿನ ವಾರ ನಮ್ಮೆಲ್ಲರ ಅರ್ಜಿ ಸಭೆಗೆ ಬರುತ್ತಿದೆ. ಈಗ ಸುದ್ದಿಯಾದರೆ ಎಲ್ಲ ಹಾಳು. ಸುಮ್ನೆ ಹೂತುಬಿಡಲಾ? ಉಳಿದದ್ದಕ್ಕೆ ಯಾವ ಮಾತ್ರೆ ಕೊಡಲಿ?

ಟೆರೇಸ್ ತೋಟ: ಬೆಳ್ಳುಳ್ಳಿ ಜಜ್ಜಿ ಅರಿಶಿನದ ನೀರಿಗೆ ಹಾಕಿ ಮೂರು ದಿನ ಕುಡಿಸಿ. ಎಂಥಾ ವೈರಸ್ ಇದ್ದರೂ ಹೋಗುತ್ತದಂತೆ. ಇನ್ನೊಂದು ಗುಂಪಿನಲ್ಲಿ ಬಂದಿತ್ತು.

ಪಶುವೈದ್ಯೆ: ಮೂಲೆಮನೆಯವರೇ, ಮೇಲಿನದನ್ನು ಬಿಟ್ಟು ಇದನ್ನು ಓದಿ. ಮಾತ್ರೆ ಬೇಡ. ಹೂಳುವುದು ಬೇಡ. ಕೊಯ್ದು ನೋಡುವುದಂತೂ ಬೇಡವೇ ಬೇಡ. ದಿಢೀರ್ ಸಾವು, ಊದಿದ ಮುಖ, ನೀಲಿ ಜುಟ್ಟು ಹಕ್ಕಿಜ್ವರದಲ್ಲಿ ಕಾಣುತ್ತವೆ. ಕೊಕ್ಕರೆ ರೋಗದಲ್ಲೂ (ರಾಣಿಖೇತ್ ಅನ್ನುವ ಕೋಳಿಗಳ ವೈರಸ್ ಕಾಯಿಲೆ) ಕಾಣಬಹುದು, ಕೋಳಿ ಕಾಲರಾದಲ್ಲೂ ಕಾಣಬಹುದು. ಫೋಟೋ ನೋಡಿ ಯಾವುದು ಅಂತ ಯಾರೂ ಹೇಳಲಾರರು, ಸ್ಯಾಂಪಲ್ ಲ್ಯಾಬಿಗೆ ಹೋಗಲೇಬೇಕು. ಈಗಲೇ ಸರ್ಕಾರಿ ಪಶು ಆಸ್ಪತ್ರೆಗೆ ಫೋನ್ ಮಾಡಿ.

ಅವರು ಬರುವವರೆಗೆ ಗೂಡಿನ ಬಾಗಿಲು ಮುಚ್ಚಿರಲಿ. ಮಕ್ಕಳು ಹತ್ತಿರ ಹೋಗಬಾರದು. ಬೆಕ್ಕೂ ಹೋಗಬಾರದು, ಅದಕ್ಕೂ ಹಕ್ಕಿಜ್ವರ ಹಿಡಿಯುತ್ತದೆ. ನೀರು ಇಡುವುದು ಮನೆಯವರಲ್ಲಿ ಒಬ್ಬರೇ, ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡು. ಆ ಚಪ್ಪಲಿ ಮನೆಯೊಳಗೆ ಬರಬಾರದು. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟದೆ ಎರಡು ಚೀಲದಲ್ಲಿ ಕಟ್ಟಿಡಿ. ಮೊಟ್ಟೆ ನೀವೂ ತಿನ್ನಬೇಡಿ, ಯಾರಿಗೂ ಕೊಡಬೇಡಿ. ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು, ಕಣ್ಣು ಕೆಂಪಾದರೆ ಡಾಕ್ಟರಿಗೆ ಕೋಳಿ ವಿಷಯವನ್ನೇ ಮೊದಲು ಹೇಳಿ. ಹತ್ತಿರ ಕೆರೆ ಇದೆಯಾ? ಕಾಡುಬಾತು ಬರುತ್ತವಾ? ಇತ್ತೀಚೆಗೆ ಹೊಸ ಕೋಳಿ ತಂದಿದ್ದೀರಾ?

ಇನ್ನು ಸಭೆಯ ವಿಷಯ. ಹಿತ್ತಲ ಕೋಳಿ ಅಂದರೆ ಆರೋಗ್ಯಾಧಿಕಾರಿಗೆ ಇರುವ ದೊಡ್ಡ ಭಯ ಸದ್ದಲ್ಲ, ನಾತವಲ್ಲ. ಯಾರ ಮನೆಯಲ್ಲಿ ಎಷ್ಟು ಕೋಳಿ ಸತ್ತವು ಅಂತ ತಮಗೆ ಗೊತ್ತೇ ಆಗುವುದಿಲ್ಲ ಅನ್ನುವುದು. ನೀವು ಈಗ ಹೂತುಬಿಟ್ಟರೆ ಆ ಭಯ ನಿಜ ಅಂತ ನೀವೇ ತೋರಿಸಿದ ಹಾಗೆ. ಅನುಮತಿ, ನೋಂದಣಿ ಬೇಕು ಅಂತ ನಾನು ವಾದಿಸುವುದೂ ಇದೇ ಕಾರಣಕ್ಕೆ. ಕದ್ದು ಸಾಕುವವರು ಕೋಳಿ ಸತ್ತಾಗ ಫೋನ್ ಮಾಡುವುದಿಲ್ಲ. ಅನುಮತಿ ಇರುವವರು ಮಾಡುತ್ತಾರೆ.

ಟೆರೇಸ್ ತೋಟದವರೇ, ಮೂರು ದಿನ ಅರಿಶಿನದ ನೀರು ಕುಡಿಸುತ್ತಾ ಕೂತರೆ ಅಷ್ಟರಲ್ಲಿ ರೋಗ ಪಕ್ಕದ ಹಿತ್ತಲಿಗೆ ಹೋಗಿರುತ್ತದೆ. ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಪುಡಿ ಮಾಡಿ ಹಾಕಿ ಅಂತ ಇನ್ನೊಂದು ಫಾರ್ವರ್ಡ್ ಓಡಾಡುತ್ತಿದೆ. ಅದನ್ನೂ ಇಲ್ಲಿ ತರಬೇಡಿ. ವೈರಸ್ಸಿಗೆ ಅದು ಏನೂ ಮಾಡಲ್ಲ, ಮೊಟ್ಟೆಗೆ ಮಾತ್ರ ಸೇರಿಕೊಳ್ಳುತ್ತದೆ.

ಮೂಲೆಮನೆ: ಕೆರೆ ಇದೆ ಮೇಡಂ. ಹೋದ ವಾರ ಎರಡು ಕೋಳಿ ತಂದೆವು, ಎಲ್ಲದರ ಜೊತೆಗೇ ಬಿಟ್ಟೆವು. ಫೋನ್ ಮಾಡಿದರೆ ದಂಡ ಹಾಕಲ್ವಾ?

ಪಶುವೈದ್ಯೆ: ಹಾಕಬಹುದು. ಫೋನ್ ಮಾಡಿ.

ರಾತ್ರಿ ಪಾಳಿ: ನೋಡಿದಿರಾ? ಅನುಮತಿ ಸಿಗುವ ಮೊದಲೇ ಈ ಕಥೆ.

ಅರ್ಜಿದಾರ: ಮೂಲೆಮನೆಯವರೇ, ಸಭೆ ಮುಗಿಯುವವರೆಗೆ ತರಬೇಡಿ ಅಂತ ಎಷ್ಟು ಸಲ ಹೇಳಿದ್ದೆ? ಹನ್ನೆರಡು ಮನೆಯ ಓಡಾಟ ನೀರುಪಾಲು.

ಹಿತ್ತಲ ಗೆಳತಿ: ಅವರು ಗಾಬರಿಯಲ್ಲಿದ್ದಾರೆ, ನಿಮಗೆ ಸಹಿಯ ಲೆಕ್ಕ. ಸ್ವಲ್ಪ ಸುಮ್ನಿರಿ.

ಅರ್ಜಿದಾರ: ಮನೆಮನೆ ಅಲೆದದ್ದು ನಾನು. ನೀವು ಒಂದು ಸಹಿಯನ್ನಾದರೂ ತಂದಿದ್ದೀರಾ?

ಟೆರೇಸ್ ತೋಟ: ಹಿರಿಯರು ಮಾಡಿಕೊಂಡು ಬಂದದ್ದನ್ನು ಹೀಗೆ ತಳ್ಳಿಹಾಕುವುದು ಸರಿಯಲ್ಲ ಮೇಡಂ. ಎಲ್ಲದಕ್ಕೂ ಲ್ಯಾಬ್ ಅಂದರೆ ಹೇಗೆ?

ಪಶುವೈದ್ಯೆ: ಹಿರಿಯರ ಕಾಲದಲ್ಲೂ ಕೊಕ್ಕರೆ ರೋಗ ಬಂದರೆ ಗೂಡಿಗೆ ಗೂಡೇ ಖಾಲಿಯಾಗುತ್ತಿತ್ತು. ಈಗ ಅದಕ್ಕೆ ಲಸಿಕೆ ಇದೆ, ಮರಿಗೆ ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಒಂದು ಹನಿ. ಅದನ್ನು ಹಾಕಿಸಿ. ಈ ಚರ್ಚೆ ಇಲ್ಲಿಗೆ ಸಾಕು.

ಹೊಸ ಸದಸ್ಯ: ಬಾತುಕೋಳಿ ಬಗ್ಗೆ ಕೇಳಿದ್ದೆ...

ಗೇಟ್ ಪಕ್ಕದ ಮನೆ: ಎಲ್ಲ ಓದಲು ಆಗಲಿಲ್ಲ. ಒಂದೇ ಒಂದು ಹುಂಜ ಇಟ್ಟುಕೊಂಡರೆ ಆಗುತ್ತಾ?

ಪಶುವೈದ್ಯೆ: ಇಲ್ಲ. ಮೇಲೆ ಓದಿ.

ರಾತ್ರಿ ಪಾಳಿ: ನನ್ನ ಆಕ್ಷೇಪಣೆ ನಾಳೆಯೇ ಬರವಣಿಗೆಯಲ್ಲಿ ಕೊಡುತ್ತೇನೆ. ಈ ಪುಟವನ್ನೂ ಲಗತ್ತಿಸುತ್ತೇನೆ.

ಅರ್ಜಿದಾರ: ಕೊಡಿ. ನಿಮಗೆ ಬೇರೆ ಕೆಲಸ ಇಲ್ಲ ಅಂತ ಎಲ್ಲರಿಗೂ ಗೊತ್ತು.

ಅಡ್ಮಿನ್: ಇಬ್ಬರಿಗೂ ಕೊನೆಯ ಎಚ್ಚರಿಕೆ.

ಮೂಲೆಮನೆ: ಫೋನ್ ಮಾಡಿದೆ ಮೇಡಂ. ಒಂದು ಗಂಟೆಯಲ್ಲಿ ಬರುತ್ತಾರಂತೆ. ಅಷ್ಟರೊಳಗೆ ಗೂಡು ಗುಡಿಸಿ ಚೊಕ್ಕ ಮಾಡಿಬಿಡಲಾ? ನೋಡಿದರೆ ಏನಂದುಕೊಳ್ಳುತ್ತಾರೋ.

ಪಶುವೈದ್ಯೆ: ಪೊರಕೆ ಕೆಳಗಿಡಿ! ಒಣ ಹಿಕ್ಕೆ ಗುಡಿಸಿದರೆ ಆ ಧೂಳೆಲ್ಲ ನಿಮ್ಮ ಮೂಗಿಗೆ. ಇದ್ದದ್ದು ಇದ್ದ ಹಾಗೇ ಇರಲಿ. ಹೊಸ ಎರಡು ಕೋಳಿ ಎಲ್ಲಿಂದ ತಂದಿರಿ, ಯಾವ ದಿನ ತಂದಿರಿ, ಮೊಟ್ಟೆ ಯಾರ್ಯಾರ ಮನೆಗೆ ಹೋಗಿದೆ ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಅವರು ಮೊದಲು ಕೇಳುವುದು ಅದನ್ನೇ.